ಗಾಳಿ ಬದಲಾಗದೆ ಓಝೋನ್ ಏರಿದ್ದು ಹೇಗೆ?

2025ರ ಆಸುಪಾಸಿನಲ್ಲಿ ಜಗತ್ತಿನ ಅನೇಕ ವಾಯುಗುಣಮಟ್ಟ ಕೇಂದ್ರಗಳಲ್ಲಿ ನೆಲಮಟ್ಟದ ಓಝೋನ್‌ನ ಅಂಕಿ ಸುಮಾರು ಶೇ. 1.2ರಷ್ಟು ಮೇಲೇರಿತು. ಈ ಏರಿಕೆಗೆ ವಾಹನಗಳ ಹೊಗೆಯೂ ಕಾರಣವಲ್ಲ, ಬಿಸಿಲೂ ಕಾರಣವಲ್ಲ. 1961ರಲ್ಲಿ ಪ್ರಕಟವಾಗಿ, ಓಝೋನ್ ಅಳೆಯುವ ಉಪಕರಣಗಳ ಲೆಕ್ಕದಲ್ಲಿ ದಶಕಗಳಿಂದ ಬೇರುಬಿಟ್ಟಿದ್ದ, ಒಂದು ಓಝೋನ್ ಅಣು ಎಷ್ಟು ಬೆಳಕು ಹೀರುತ್ತದೆ ಎಂಬುದನ್ನು ಸೂಚಿಸುವ 1.147 ಎಂಬ ಸಂಖ್ಯೆಯನ್ನು ತೆಗೆದು, ಅದರ ಜಾಗದಲ್ಲಿ 1.1329 ಎಂಬ ಸಂಖ್ಯೆಯನ್ನು ಇರಿಸಲು ಮಾಪನ ವಿಜ್ಞಾನಿಗಳು ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಂಡಿದ್ದರು. ಅದು ಜಾರಿಗೆ ಬಂದ ಕಡೆಯೆಲ್ಲ ನಿನ್ನೆಯ ಗಾಳಿಯನ್ನೇ ಇಂದು ಅಳೆದರೂ ಸ್ವಲ್ಪ ಹೆಚ್ಚು ಓಝೋನ್ ಕಾಣಿಸುತ್ತದೆ.

ಶೇ. 1.2 ಎಂದರೆ ಇಷ್ಟೇನಾ ಎನ್ನಿಸಬಹುದು. ಆದರೆ ಬೆಳಕಿನ ಹೀರಿಕೆಯಿಂದ ಅನಿಲವನ್ನು ಅಳೆಯುವ ವಿದ್ಯೆಯಲ್ಲಿ ನಿಖರತೆ ಎಲ್ಲಿ ಕೈತಪ್ಪುತ್ತದೆ, ಅದನ್ನು ಮರಳಿ ಪಡೆಯಲು ಏನೇನು ಮಾಡಬೇಕಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಉಪಕರಣ ಹೊಸದಿರಬಹುದು, ದುಬಾರಿಯೂ ಇರಬಹುದು. ದೇಶದೇಶಗಳ ಉಪಕರಣಗಳು ಒಂದಕ್ಕೊಂದು ತಾಳೆಯಾಗುತ್ತಲೂ ಇರಬಹುದು. ಅಷ್ಟಾದರೂ ಅವೆಲ್ಲವೂ ಒಟ್ಟಾಗಿ ತಪ್ಪು ಹೇಳುತ್ತಿರಲು ಸಾಧ್ಯ. ಓಝೋನ್ ವಿಷಯದಲ್ಲಿ ಆದದ್ದು ಅದೇ.

ಮೊದಲು ಉಪಕರಣ ಏನು ಮಾಡುತ್ತದೆ ಎಂಬುದನ್ನು ನೋಡೋಣ. ವಾಯುಗುಣಮಟ್ಟ ಕೇಂದ್ರದ ಓಝೋನ್ ಅನಲೈಸರ್‌ನೊಳಗೆ ಒಂದು ಪಾದರಸ ದೀಪವಿರುತ್ತದೆ. ಅದು ಮುಖ್ಯವಾಗಿ 253.7 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಬೆಳಕನ್ನು ಸೂಸುತ್ತದೆ. ಓಝೋನ್ ಅತಿ ಹೆಚ್ಚು ಹೀರುವ ಬೆಳಕು ಇರುವುದೂ ಸರಿಸುಮಾರು ಅಲ್ಲಿಯೇ, 255 ನ್ಯಾನೊಮೀಟರ್ ಬಳಿ. ವಾಲ್ಟರ್ ನೋಯೆಲ್ ಹಾರ್ಟ್‌ಲಿ ಎಂಬ ವಿಜ್ಞಾನಿ 1881ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರಿಂದ ಆ ತರಂಗಾಂತರಗಳ ಪಟ್ಟೆಗೆ ಅವರದೇ ಹೆಸರಿದೆ. ಅಗ್ಗದ ದೀಪವೊಂದರ ಬೆಳಕೂ ಓಝೋನ್‌ನ ಹಸಿವೂ ಒಂದೇ ಕಡೆ ಕೂಡಿಬಂದದ್ದು ಮಾಪನಶಾಸ್ತ್ರದ ಪುಣ್ಯ. ದೀಪದ ಬೆಳಕು ಕೊಳವೆಯಾಕಾರದ ಕೋಶವೊಂದರ ಮೂಲಕ ಹಾದು ಆ ತುದಿಯ ಪತ್ತೆಕಾರಕವನ್ನು ಮುಟ್ಟುತ್ತದೆ. ಕೋಶದಲ್ಲಿ ಓಝೋನ್ ಇರುವ ಗಾಳಿ ತುಂಬಿದಾಗ ಎಷ್ಟು ಬೆಳಕು ತಲುಪಿತು, ಓಝೋನ್ ತೆಗೆದ ಗಾಳಿ ತುಂಬಿದಾಗ ಎಷ್ಟು ತಲುಪಿತು ಎಂಬ ಎರಡು ಅಂಕಿಗಳ ಅನುಪಾತದಿಂದ ಓಝೋನ್ ಲೆಕ್ಕ ಸಿಗುತ್ತದೆ. ಇದಕ್ಕೆ ಆಧಾರ ಬಿಯರ್–ಲ್ಯಾಂಬರ್ಟ್ ನಿಯಮ: ಬೆಳಕು ಕುಂದುವ ಪ್ರಮಾಣವನ್ನು ಅಣುಗಳ ಸಾಂದ್ರತೆ, ಬೆಳಕು ಸಾಗಿದ ದೂರ ಮತ್ತು ಒಂದೊಂದು ಅಣುವಿನ ಹೀರುವ ಶಕ್ತಿ ಈ ಮೂರೂ ಸೇರಿ ನಿರ್ಧರಿಸುತ್ತವೆ.

ಹೇಳಲು ಸುಲಭ. ಆದರೆ ಕುಂದುವ ಬೆಳಕು ಎಷ್ಟು ಅಲ್ಪ ಎಂಬುದನ್ನು ಲೆಕ್ಕಹಾಕಿ ನೋಡಿದರೆ ಗಾಬರಿಯಾಗುತ್ತದೆ. ಗಾಳಿಯಲ್ಲಿ 50 ಪಿಪಿಬಿ ಓಝೋನ್ ಇದೆ ಎಂದುಕೊಳ್ಳೋಣ, ಅಂದರೆ ನೂರು ಕೋಟಿ ಅಣುಗಳಲ್ಲಿ 50. ಬೇಸಿಗೆಯ ಮಧ್ಯಾಹ್ನದ ನಗರಕ್ಕೆ ಇದು ಅಪರೂಪದ ಮಟ್ಟವೇನಲ್ಲ. ಕೋಶದ ಉದ್ದ 38 ಸೆಂಟಿಮೀಟರ್ ಇದ್ದರೆ, ಸಮುದ್ರಮಟ್ಟದ ಒತ್ತಡದಲ್ಲಿ ಆ ಓಝೋನ್ ಬೆಳಕಿನ ಹತ್ತು ಸಾವಿರ ಭಾಗಗಳಲ್ಲಿ ಸುಮಾರು ಐದನ್ನು ಮಾತ್ರ ನುಂಗುತ್ತದೆ. ಒಂದೇ ಒಂದು ಪಿಪಿಬಿ ವ್ಯತ್ಯಾಸವನ್ನು ಗುರುತಿಸಬೇಕಾದರೆ ಲಕ್ಷದಲ್ಲಿ ಒಂದು ಭಾಗ ಬೆಳಕು ಕುಂದಿದ್ದು ತಿಳಿಯಬೇಕು. ಯಾವ ಪಾದರಸ ದೀಪವೂ ಅಷ್ಟು ಸ್ಥಿರವಾಗಿ ಉರಿಯುವುದಿಲ್ಲ. ಅದಕ್ಕಾಗಿಯೇ ಉತ್ತಮ ಉಪಕರಣಗಳಲ್ಲಿ ಎರಡು ಕೋಶಗಳಿರುತ್ತವೆ. ಒಂದರಲ್ಲಿ ಓಝೋನ್ ಇರುವ ಗಾಳಿ ಹರಿಯುವಾಗ ಇನ್ನೊಂದರಲ್ಲಿ ಓಝೋನ್ ಇಲ್ಲದ ಗಾಳಿ ಹರಿಯುತ್ತದೆ. ಕೆಲವು ಸೆಕೆಂಡುಗಳಾದ ಮೇಲೆ ಕವಾಟಗಳು ತಿರುಗಿ ಎರಡೂ ಅದಲುಬದಲಾಗುತ್ತವೆ. ದೀಪ ಮಂಕಾದರೆ ಎರಡೂ ಕೋಶಗಳಲ್ಲಿ ಒಂದೇ ಪ್ರಮಾಣದಲ್ಲಿ ಮಂಕಾಗುತ್ತದೆ, ಅನುಪಾತ ತೆಗೆದಾಗ ಅದು ಹೊಡೆದುಹೋಗುತ್ತದೆ. ಒಂದು ಪತ್ತೆಕಾರಕ ಇನ್ನೊಂದಕ್ಕಿಂತ ಚುರುಕಾಗಿದ್ದರೆ ಅದಲುಬದಲಿನಲ್ಲಿ ಅದೂ ಹೋಗುತ್ತದೆ. ಉಳಿಯುವುದು ಸಣ್ಣ ಏರಿಳಿತ ಮಾತ್ರ. ಹೆಚ್ಚು ಹೊತ್ತು ಸರಾಸರಿ ತೆಗೆದರೆ ಅದೂ ತಗ್ಗುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ ಮಂದಿ. ಆದರೆ ಸರಾಸರಿಯಿಂದ ತಗ್ಗುವುದು ಏರಿಳಿತವಷ್ಟೇ. ಒಂದೇ ದಿಕ್ಕಿಗೆ ಎಳೆಯುವ ದೋಷ ಸರಾಸರಿಗೆ ಜಗ್ಗುವುದಿಲ್ಲ. ವರ್ಷವಿಡೀ ಸರಾಸರಿ ತೆಗೆದರೂ ಅದು ಇದ್ದಲ್ಲಿಯೇ ಇರುತ್ತದೆ, ಜೊತೆಗೆ ಅಂಕಿಯ ಅಲುಗಾಟ ನಿಂತದ್ದರಿಂದ ಇನ್ನಷ್ಟು ನಂಬಿಕೆ ಹುಟ್ಟಿಸುತ್ತದೆ.

ಅಂಥ ದೋಷಗಳ ಮೊದಲ ನೆಲೆ ಬೆಳಕು ಸಾಗುವ ದೂರ. ಕೋಶದ ಉದ್ದವನ್ನು ಅಳೆದು ಬರೆದಿಟ್ಟರೆ ಆಯಿತಲ್ಲ? ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ರೂಪಿಸಿದ, ಹಲವು ದೇಶಗಳು ತಮ್ಮ ಓಝೋನ್ ಮಾನಕವಾಗಿ ಇಟ್ಟುಕೊಂಡಿರುವ ಆಧಾರ ಫೋಟೊಮೀಟರ್‌ನಲ್ಲಿ ಕೋಶಗಳು ಸುಮಾರು 90 ಸೆಂಟಿಮೀಟರ್ ಉದ್ದವಿರುತ್ತವೆ. ಕೋಶದ ಎರಡು ತುದಿಗಳಲ್ಲಿ ಸ್ಫಟಿಕ ಗಾಜಿನ ಕಿಟಕಿಗಳು. ಗಾಜಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ಕಿಟಕಿಗಳು ಪರಸ್ಪರ ಸಮಾನಾಂತರವಾಗಿದ್ದರೆ, ಆ ತುದಿಯಿಂದ ಹಿಂದಿರುಗಿದ ಬೆಳಕಿನಲ್ಲಿ ಒಂದಂಶ ಈ ತುದಿಯ ಕಿಟಕಿಗೆ ತಾಗಿ ಮತ್ತೆ ಮುಂದಕ್ಕೆ ಹೊರಟು ಪತ್ತೆಕಾರಕವನ್ನು ಸೇರುತ್ತದೆ. ಹೀಗೆ ಸುತ್ತಿಬಂದ ಬೆಳಕು ಓಝೋನ್ ನಡುವೆ ಮೂರು ಸಲ ಹಾದಿರುತ್ತದೆ, ಲೆಕ್ಕದಲ್ಲಿ ಮಾತ್ರ ಒಂದೇ ಸಲ ಎಂದಿರುತ್ತದೆ. ಆ ಬೆಳಕಿನ ಪಾಲು ಅತಿ ಸಣ್ಣದು, ನಿಜ. ಆದರೆ ಪ್ರತಿಶತದ ಹತ್ತನೇ ಭಾಗಗಳನ್ನು ಬೆನ್ನಟ್ಟುವವರಿಗೆ ಅದು ಸಣ್ಣದಲ್ಲ. ಈ ಪುನರ್‌ಪ್ರತಿಫಲನದ ದೋಷವನ್ನು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿರುವ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಬ್ಯೂರೊದ ವಿಜ್ಞಾನಿಗಳು ಅಮೆರಿಕದ ಸಂಸ್ಥೆಯೊಂದಿಗೆ ಸೇರಿ ಬಿಡಿಸಿಟ್ಟು 2006ರಲ್ಲಿ ಪ್ರಕಟಿಸಿದರು. ಪರಿಹಾರ ಸರಳವಾಗಿತ್ತು: ಕಿಟಕಿಗಳನ್ನು ಕೆಲವು ಡಿಗ್ರಿ ಓರೆಯಾಗಿ ಕೂರಿಸುವುದು. ಹಿಂದಿರುಗಿದ ಬೆಳಕು ಆಗ ಕೋಶದ ಗೋಡೆಯತ್ತ ಹೋಗುತ್ತದೆ, ಪತ್ತೆಕಾರಕವನ್ನು ಸೇರುವುದಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ದೋಷವೂ ಸಿಕ್ಕಿತು. ದೀಪದ ಸುತ್ತಲಿನ ಭಾಗ ಬಿಸಿಯಾಗಿರುತ್ತದೆ, ಆ ಬಿಸಿ ಕೋಶಕ್ಕೂ ಹರಿಯುತ್ತದೆ. ಕೋಶದ ಉದ್ದಕ್ಕೂ ಉಷ್ಣತೆ ಒಂದೇ ಸಮನಾಗಿಲ್ಲದಿದ್ದಾಗ ಒಂದು ಜಾಗದಲ್ಲಿ ಕೂರಿಸಿದ ಉಷ್ಣಮಾಪಕ ಹೇಳುವುದು ಆ ಜಾಗದ ಉಷ್ಣತೆಯನ್ನು ಮಾತ್ರ. ಅನಿಲದ ಸಾಂದ್ರತೆಯನ್ನು ಪಿಪಿಬಿಗೆ ಪರಿವರ್ತಿಸಲು ಉಷ್ಣತೆ ಬೇಕೇಬೇಕು. ಒಂದು ಡಿಗ್ರಿ ತಪ್ಪಿದರೆ ಓಝೋನ್ ಅಂಕಿ ಶೇ. 0.34ರಷ್ಟು ತಪ್ಪುತ್ತದೆ. ಮೂರೂವರೆ ಡಿಗ್ರಿ ತಪ್ಪಿದರೆ ಸಾಕು, ಈ ಲೇಖನದ ಆರಂಭದಲ್ಲಿ ಹೇಳಿದ ಶೇ. 1.2 ಅಲ್ಲಿಯೇ ಸೇರಿಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸುತ್ತಿಬರುವ ಬೆಳಕು ಓಝೋನ್ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ. ಕೋಶದೊಳಗಿನ ಅನಿಲ ಉಷ್ಣಮಾಪಕ ಹೇಳಿದ್ದಕ್ಕಿಂತ ಬಿಸಿಯಾಗಿದ್ದರೆ ಅಂಕಿ ಕೆಳಗಿಳಿಯುತ್ತದೆ. ಹೀಗೆ ಎರಡು ದೋಷಗಳು ಎದುರುಬದುರಾಗಿ ನಿಂತಾಗ ಒಂದು ಇನ್ನೊಂದನ್ನು ಮುಚ್ಚಿಡುತ್ತದೆ. ಅಂತಿಮ ಅಂಕಿ ಸರಿಯಾಗಿಯೇ ಕಾಣುತ್ತದೆ. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಅಳತೆ ಮೊದಲಿಗಿಂತ ಕೆಡುತ್ತದೆ! ಅದಕ್ಕಾಗಿಯೇ ಅಂತಿಮ ಅಂಕಿಯನ್ನು ಮಾತ್ರ ಹೋಲಿಸಿ ತೃಪ್ತರಾಗುವುದು ಅಪಾಯ. ಲೆಕ್ಕಕ್ಕೆ ಹೋಗುವ ಒಂದೊಂದು ಅಂಶವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಒತ್ತಡದ ಕಥೆಯನ್ನು ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯು ಒತ್ತಡ ಸುಮಾರು 910 ಹೆಕ್ಟೊಪಾಸ್ಕಲ್, ಮಂಗಳೂರಿನಲ್ಲಿ 1010ರ ಆಸುಪಾಸು. ಉಪಕರಣದ ಒತ್ತಡ ಸರಿದೂಗಿಕೆಯನ್ನು ಯಾರೋ ಆರಿಸಿಟ್ಟರೆ, ಅಥವಾ ಸಮುದ್ರಮಟ್ಟದ ಮೌಲ್ಯವನ್ನೇ ಸ್ಥಿರವಾಗಿ ಬರೆದಿಟ್ಟರೆ, ಬೆಂಗಳೂರಿನಲ್ಲಿ ಓಝೋನ್ ಶೇ. 10ರಷ್ಟು ಕಡಿಮೆ ಕಾಣಿಸುತ್ತದೆ. ಸರಿದೂಗಿಕೆ ಇದ್ದೂ ಒತ್ತಡ ಸಂವೇದಕ 10 ಹೆಕ್ಟೊಪಾಸ್ಕಲ್‌ನಷ್ಟು ದಾರಿತಪ್ಪಿದ್ದರೆ ಶೇ. 1.1ರಷ್ಟು ದೋಷ. ಕೋಶದೊಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾಗಿರುವುದೂ ಇಲ್ಲ; ಪಂಪು ಗಾಳಿಯನ್ನು ಎಳೆಯುತ್ತಿರುವುದರಿಂದ ಒಳಗೆ ತುಸು ಕಡಿಮೆ ಇರುತ್ತದೆ. ಅಳೆಯಬೇಕಾದದ್ದು ಕೋಶದೊಳಗಿನ ಒತ್ತಡವನ್ನು. ನಂಬಲರ್ಹವಾದ ಒತ್ತಡಮಾಪಕವೊಂದನ್ನು ತಂದು ವರ್ಷಕ್ಕೆ ಒಂದೆರಡು ಸಲ ಪಕ್ಕದಲ್ಲಿಟ್ಟು ನೋಡುವುದು ಅರ್ಧ ಗಂಟೆಯ ಕೆಲಸ. ಇಡೀ ಕೇಂದ್ರದ ನಿಖರತೆಗೆ ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಬೇರೆ ಅನಿಲಗಳ ಹಾವಳಿಯೂ ಉಂಟು. 253.7 ನ್ಯಾನೊಮೀಟರ್ ಬೆಳಕನ್ನು ಓಝೋನ್ ಒಂದೇ ಹೀರುವುದಿಲ್ಲ. ಪೆಟ್ರೋಲ್ ಮತ್ತು ಬಣ್ಣದ ಆವಿಗಳಲ್ಲಿರುವ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೂ ಹೀರುತ್ತವೆ, ಗಂಧಕದ ಡೈಆಕ್ಸೈಡ್ ಸಹ ಸ್ವಲ್ಪಮಟ್ಟಿಗೆ ಹೀರುತ್ತದೆ. ಪಾದರಸದ ಆವಿಯಂತೂ ಅದೇ ಪಾದರಸ ದೀಪದ ಬೆಳಕನ್ನು ಅತ್ಯಂತ ತೀವ್ರವಾಗಿ ಹೀರುವುದರಿಂದ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಓಝೋನ್‌ನಂತೆ ವೇಷ ಹಾಕುತ್ತದೆ. ಇವನ್ನೆಲ್ಲ ಬದಿಗೆ ಸರಿಸುವ ಉಪಾಯ ಸ್ಕ್ರಬ್ಬರ್‌ನಲ್ಲಿದೆ. ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಜಾಲರಿಯ ಮೂಲಕ ಗಾಳಿ ಹಾದಾಗ ಓಝೋನ್ ಒಡೆದು ಆಮ್ಲಜನಕವಾಗುತ್ತದೆ, ಉಳಿದ ಅನಿಲಗಳು ಹಾಗೆಯೇ ದಾಟುತ್ತವೆ ಎಂಬುದು ಆಶಯ. ಹಾಗೆ ದಾಟಿದರೆ ಅವು ಎರಡೂ ಅಳತೆಗಳಲ್ಲಿ ಸಮನಾಗಿದ್ದು ಹೊಡೆದುಹೋಗುತ್ತವೆ. ವ್ಯವಹಾರದಲ್ಲಿ ಸ್ಕ್ರಬ್ಬರ್ ಅವನ್ನೂ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ತೇವ ಬದಲಾದಾಗ ಬಿಟ್ಟುಕೊಡುತ್ತದೆ. ಒಣ ಗಾಳಿಯಿದ್ದ ಮಧ್ಯಾಹ್ನದಲ್ಲಿ ದಿಢೀರನೆ ಮುಂಗಾರುಪೂರ್ವ ಮಳೆ ಸುರಿದರೆ ಅನಲೈಸರ್‌ನಲ್ಲಿ ಕಾಣಿಸುವ ಓಝೋನ್ ಏರಿಳಿತದಲ್ಲಿ ಎಷ್ಟು ಗಾಳಿಯದು, ಎಷ್ಟು ಸ್ಕ್ರಬ್ಬರ್‌ನದು ಎಂದು ಬಿಡಿಸುವುದು ಕಷ್ಟ. ಮಾದರಿ ಗಾಳಿಯನ್ನು ಒಳಗೆ ಬಿಡುವ ಮೊದಲು ಅದರ ತೇವಾಂಶವನ್ನು ಎರಡೂ ಹಾದಿಗಳಲ್ಲಿ ಸಮಗೊಳಿಸುವುದು ಇದಕ್ಕೆ ಒಳ್ಳೆಯ ಮದ್ದು.

ದೀಪವೂ ಪೂರ್ತಿ ನಿರಪರಾಧಿಯಲ್ಲ. ಪಾದರಸ ದೀಪ 185 ನ್ಯಾನೊಮೀಟರ್ ಬಳಿಯೂ ಬೆಳಕು ಸೂಸುತ್ತದೆ. ಆ ಬೆಳಕು ಆಮ್ಲಜನಕವನ್ನು ಒಡೆದು ಓಝೋನ್ ಹುಟ್ಟಿಸುತ್ತದೆ. ಅಳೆಯಲು ಬಂದ ಬೆಳಕೇ ಅಳೆಯಬೇಕಾದ ವಸ್ತುವನ್ನು ತಯಾರಿಸಿಬಿಡುತ್ತದೆ. ಆ ತರಂಗಾಂತರವನ್ನು ತಡೆಯುವ ಗಾಜಿನೊಳಗೆ ದೀಪವನ್ನು ಇರಿಸುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಸರಿಪಡಿಸಿದ ಮೇಲೆಯೂ ಸಮೀಕರಣದಲ್ಲಿ ಒಂದು ಅಂಶ ಉಳಿಯುತ್ತದೆ: ಒಂದು ಓಝೋನ್ ಅಣು ಎಷ್ಟು ಬೆಳಕನ್ನು ಹೀರುತ್ತದೆ ಎಂಬುದು. ಇದನ್ನು ಹೀರಿಕೆಯ ಅಡ್ಡಛೇದ ಎನ್ನುತ್ತಾರೆ. ಬೆಳಕಿನ ದಾರಿಗೆ ಒಂದು ಅಣು ಒಡ್ಡುವ ಅಡ್ಡಿಯ ವಿಸ್ತೀರ್ಣ ಎಂದುಕೊಳ್ಳಬಹುದು. ಉದ್ದ, ಉಷ್ಣತೆ, ಒತ್ತಡಗಳನ್ನು ಕೇಂದ್ರದಲ್ಲಿಯೇ ಅಳೆಯಬಹುದು. ಅಡ್ಡಛೇದವನ್ನು ಹಾಗೆ ಅಳೆಯಲಾಗದು. ಅದನ್ನು ಪುಸ್ತಕದಿಂದ ತಂದು ಹಾಕಿಕೊಳ್ಳಬೇಕು. ಎಲ್ಲರೂ ತಂದದ್ದು ಎ. ಜಿ. ಹರ್ನ್ ಎಂಬ ವಿಜ್ಞಾನಿ 1961ರಲ್ಲಿ ಪ್ರಕಟಿಸಿದ ಮೌಲ್ಯವನ್ನು: 1.147 × 10⁻¹⁷ ಚದರ ಸೆಂಟಿಮೀಟರ್.

ಉಳಿದ ಅನಿಲಗಳಿಗೆ ಈ ತೊಡಕು ಇಷ್ಟು ತೀವ್ರವಾಗಿಲ್ಲ. ಕಾರ್ಬನ್ ಡೈಆಕ್ಸೈಡನ್ನು ಅವಕೆಂಪು ಬೆಳಕಿನಿಂದ ಅಳೆಯುವವರು ಅಡ್ಡಛೇದದ ಗೊಡವೆಗೇ ಹೋಗಬೇಕಾಗಿಲ್ಲ. ಪ್ರಮಾಣ ಖಚಿತವಾಗಿ ಗೊತ್ತಿರುವ ಅನಿಲದ ಸಿಲಿಂಡರ್ ತಂದು ಉಪಕರಣಕ್ಕೆ ತೋರಿಸಿದರೆ ಆಯಿತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಆರಂಭಿಸಿದ ಮಾಪನ ಇಂದಿಗೂ ಮಾನ್ಯವಾಗಿರುವುದರ ಹಿಂದೆ ಅವಕೆಂಪು ಅನಲೈಸರ್‌ಗಿಂತಲೂ ದೊಡ್ಡ ಪಾತ್ರ ಅವರ ಆಧಾರ ಅನಿಲಗಳದು. ಆ ಅನಿಲಗಳ ಪ್ರಮಾಣವನ್ನು ಅವರು ನಿರ್ಧರಿಸಿದ್ದು ಒತ್ತಡ ಅಳೆಯುವ ಮ್ಯಾನೊಮೀಟರ್‌ನಿಂದ, ಅಂದರೆ ಬೆಳಕಿನ ಹೀರಿಕೆಗೆ ಸಂಬಂಧವೇ ಇಲ್ಲದ ವಿಧಾನದಿಂದ.

ಓಝೋನ್‌ಗೆ ಈ ಸೌಲಭ್ಯವಿಲ್ಲ. ಅದು ಸಿಲಿಂಡರ್‌ನಲ್ಲಿ ನಿಲ್ಲುವುದಿಲ್ಲ. ತುಂಬಿಟ್ಟರೆ ಒಡೆದು ಆಮ್ಲಜನಕವಾಗುತ್ತದೆ. ಹೀಗಾಗಿ ಓಝೋನ್ ಪ್ರಪಂಚದಲ್ಲಿ ಬೆಳಕಿನ ಹೀರಿಕೆಯೇ ಮಾನಕ, ಬೆಳಕಿನ ಹೀರಿಕೆಯೇ ಪರೀಕ್ಷಕ. ದೇಶದೇಶಗಳ ಆಧಾರ ಫೋಟೊಮೀಟರ್‌ಗಳನ್ನು ಸೆವ್ರ್‌ಗೆ ಒಯ್ದು ಹೋಲಿಸುತ್ತಿದ್ದರು. ಅವು ಅದ್ಭುತವಾಗಿ ತಾಳೆಯಾಗುತ್ತಿದ್ದವು. ಆಗದೆ ಇರುವುದಾದರೂ ಹೇಗೆ? ಎಲ್ಲದರ ವಿನ್ಯಾಸ ಒಂದೇ, ಎಲ್ಲದರೊಳಗಿನ ಅಡ್ಡಛೇದವೂ ಒಂದೇ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ತೂಕದ ಬಟ್ಟುಗಳನ್ನು ಸಂತೆಯ ಎಲ್ಲ ಅಂಗಡಿಯವರೂ ಇಟ್ಟುಕೊಂಡರೆ ಯಾವ ಅಂಗಡಿಯಲ್ಲಿ ತೂಗಿದರೂ ತೂಕ ಒಂದೇ ಬರುತ್ತದೆ. ಅಷ್ಟರಿಂದ ತೂಕ ಸರಿಯಿದೆ ಎಂದಾಗುವುದಿಲ್ಲ.

ಅನುಮಾನ ಹುಟ್ಟಿಸಿದ್ದು ಒಂದು ರಾಸಾಯನಿಕ ವಿಧಾನ. ನೈಟ್ರಿಕ್ ಆಕ್ಸೈಡ್ ಅನಿಲ ಓಝೋನ್‌ನೊಂದಿಗೆ ಒಂದಕ್ಕೆ ಒಂದರಂತೆ ವರ್ತಿಸಿ ನೈಟ್ರೋಜನ್ ಡೈಆಕ್ಸೈಡ್ ಮತ್ತು ಆಮ್ಲಜನಕ ಆಗುತ್ತದೆ. ನೈಟ್ರಿಕ್ ಆಕ್ಸೈಡನ್ನು ಸಿಲಿಂಡರ್‌ನಲ್ಲಿ ತೂಗಿ ತುಂಬಿಡಬಹುದು. ಓಝೋನ್ ಬೆರೆಸಿದಾಗ ಎಷ್ಟು ನೈಟ್ರಿಕ್ ಆಕ್ಸೈಡ್ ಕಡಿಮೆಯಾಯಿತೋ ಅಷ್ಟು ಓಝೋನ್ ಇತ್ತು ಎಂದರ್ಥ. ಇಲ್ಲಿ ಹರ್ನ್ ಅವರ ಸಂಖ್ಯೆಗೆ ಕೆಲಸವಿಲ್ಲ. ಸೆವ್ರ್‌ನಲ್ಲಿಯೂ ಜಪಾನಿನಲ್ಲಿಯೂ ಇದನ್ನು ಎಚ್ಚರಿಕೆಯಿಂದ ಮಾಡಿ ನೋಡಿದಾಗ ರಾಸಾಯನಿಕ ವಿಧಾನದಲ್ಲಿ ಓಝೋನ್ ಶೇ. 2ರಿಂದ 3ರಷ್ಟು ಹೆಚ್ಚು ಬಂತು. ಎರಡೂ ವಿಧಾನಗಳು ಹೇಳಿಕೊಳ್ಳುತ್ತಿದ್ದ ನಿಖರತೆಗೆ ಈ ಅಂತರ ಬಹಳ ದೊಡ್ಡದು. ಎಲ್ಲೋ ಒಂದು ಕಡೆ ಏನೋ ಸರಿಯಿಲ್ಲ ಎಂಬುದು 2000ದ ದಶಕದ ಮಧ್ಯಭಾಗದಲ್ಲಿಯೇ ಸ್ಪಷ್ಟವಾಗಿತ್ತು.

ಮುಂದಿನ ಹೆಜ್ಜೆ ಅಡ್ಡಛೇದವನ್ನು ಹೊಸದಾಗಿ ಅಳೆಯುವುದು. ಅದಕ್ಕೆ ಶುದ್ಧ ಓಝೋನ್ ಬೇಕು. ಆಮ್ಲಜನಕದಲ್ಲಿ ವಿದ್ಯುತ್ ವಿಸರ್ಜನೆ ನಡೆಸಿ ಓಝೋನ್ ಮಾಡಿ, ಅತಿ ಶೀತದಲ್ಲಿ ಅದನ್ನು ದ್ರವವಾಗಿಸಿ, ಉಳಿದ ಆಮ್ಲಜನಕವನ್ನು ಪಂಪಿನಿಂದ ಹೊರಗೆಳೆದು, ನಿಧಾನವಾಗಿ ಆವಿಯಾಗಲು ಬಿಟ್ಟು ಕೋಶಕ್ಕೆ ತುಂಬಬೇಕು. ದ್ರವ ಓಝೋನ್ ಸ್ಫೋಟಕ, ಕೈಜಾರುವಂತಿಲ್ಲ. ಕೋಶದಲ್ಲಿರುವಾಗಲೂ ಅದು ಗೋಡೆಗೆ ತಾಗಿ ಒಡೆಯುತ್ತಲೇ ಇರುತ್ತದೆ. ಆದ್ದರಿಂದ ಒತ್ತಡಮಾಪಕ ತೋರಿಸುವ ಒತ್ತಡದಲ್ಲಿ ಎಷ್ಟು ಪಾಲು ಓಝೋನ್‌ನದು, ಎಷ್ಟು ಪಾಲು ಆಮ್ಲಜನಕದ್ದು ಎಂಬುದನ್ನೂ ಕಂಡುಹಿಡಿಯಬೇಕು. ಸೆವ್ರ್‌ನ ತಂಡ ಹೀಗೆ ಅಳೆದು 2015ರಲ್ಲಿ ಪ್ರಕಟಿಸಿದ ಮೌಲ್ಯ ಹರ್ನ್ ಅವರದಕ್ಕಿಂತ ಶೇ. 1.8ರಷ್ಟು ಕಡಿಮೆಯಿತ್ತು.

ಆಗಲೇ ಸಂಖ್ಯೆಯನ್ನು ಬದಲಾಯಿಸಿಬಿಡಬಹುದಿತ್ತು. ಬದಲಾಯಿಸದೆ ಕಾದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಒಂದು ಪ್ರಯೋಗಾಲಯದ ಒಂದು ಸಂಖ್ಯೆಯ ಬದಲಿಗೆ ಇನ್ನೊಂದು ಪ್ರಯೋಗಾಲಯದ ಒಂದು ಸಂಖ್ಯೆಯನ್ನು ಕೂರಿಸಿದರೆ ಹಳೆಯ ದೌರ್ಬಲ್ಯವೇ ಮುಂದುವರಿಯುತ್ತಿತ್ತು. ಹಲವು ದೇಶಗಳ ತಜ್ಞರು ಸೇರಿ, 1950ರ ದಶಕದ ಕೊನೆಯಿಂದ ಪ್ರಕಟವಾಗಿದ್ದ ಸ್ವತಂತ್ರ ಮಾಪನಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಯಾರು ಒತ್ತಡವನ್ನು ಹೇಗೆ ಅಳೆದರು, ಅಶುದ್ಧಿಗೆ ಏನು ಲೆಕ್ಕ ಕೊಟ್ಟರು, ಅವರು ಹೇಳಿಕೊಂಡ ಅನಿಶ್ಚಿತತೆ ನಂಬಲರ್ಹವೇ ಎಂದು ತೂಗಿ, 2019ರಲ್ಲಿ 1.1329 × 10⁻¹⁷ ಚದರ ಸೆಂಟಿಮೀಟರ್ ಎಂಬ ಒಮ್ಮತದ ಮೌಲ್ಯವನ್ನು ಶಿಫಾರಸು ಮಾಡಿದರು. ಅದರ ಅನಿಶ್ಚಿತತೆ ಶೇ. 0.31. ಹಳೆಯ ಮೌಲ್ಯದ ಅನಿಶ್ಚಿತತೆ ಇದರ ಹಲವು ಪಟ್ಟು ಇತ್ತು.

ಹರ್ನ್ ತಪ್ಪು ಮಾಡಿದರು ಎಂದು ಇದನ್ನು ಓದಬಾರದು. ಹೊಸ ಮೌಲ್ಯ ಅವರ ಮಾಪನದ ಅನಿಶ್ಚಿತತೆಯ ಮಿತಿಯೊಳಗೇ ಇದೆ. ಆ ಸಂಖ್ಯೆಯನ್ನು ಎತ್ತಿಕೊಂಡ ಮುಂದಿನವರು ಅದರ ಜೊತೆಗಿದ್ದ ಅನಿಶ್ಚಿತತೆಯನ್ನು ಅಲ್ಲಿಯೇ ಬಿಟ್ಟು ಬಂದರು. ಸಂಖ್ಯೆ ನಿಯಮಗಳಿಗೆ ಸೇರಿತು, ತಂತ್ರಾಂಶಕ್ಕೆ ಸೇರಿತು, ಕೊನೆಗೆ ಪ್ರಕೃತಿಯ ನಿಯತಾಂಕವೆಂಬಂತೆ ಕಾಣತೊಡಗಿತು. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನು ಬರೆಯದಿರುವುದು ಅರ್ಧ ಸತ್ಯ ಹೇಳಿದಂತೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಡ್ಡಛೇದ ಕಡಿಮೆಯಾದರೆ ಓಝೋನ್ ಹೆಚ್ಚಾಗುವುದೇಕೆ ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಕುಂದಿದ ಬೆಳಕು ಅಷ್ಟೇ. ಒಂದೊಂದು ಅಣು ನಾವು ತಿಳಿದದ್ದಕ್ಕಿಂತ ಕಡಿಮೆ ಹೀರುತ್ತದೆ ಎಂದಾದರೆ ಅಷ್ಟು ಬೆಳಕನ್ನು ಕುಂದಿಸಲು ಹೆಚ್ಚು ಅಣುಗಳಿದ್ದಿರಲೇಬೇಕು. ಎಲ್ಲೆಲ್ಲೂ, ಎಲ್ಲ ಋತುವಿನಲ್ಲೂ ಒಂದೇ ಪ್ರಮಾಣದಲ್ಲಿ.

ಕಾನೂನಿನ ಗೆರೆಯ ಹತ್ತಿರ ಇರುವ ಊರುಗಳಿಗೆ ಇದು ಬರೀ ಶಾಸ್ತ್ರದ ಮಾತಲ್ಲ. ಅಮೆರಿಕದಲ್ಲಿ ಎಂಟು ಗಂಟೆಗಳ ಓಝೋನ್ ಮಿತಿ 70 ಪಿಪಿಬಿ, ಅದರ ನಂತರದ ದಶಮಾಂಶವನ್ನು ಕತ್ತರಿಸಿಬಿಡುವುದು ಅಲ್ಲಿನ ಪದ್ಧತಿ. ಹಳೆಯ ಲೆಕ್ಕದಲ್ಲಿ 70.5 ಇದ್ದ ಊರು 70 ಎಂದು ದಾಖಲಾಗಿ ಪಾರಾಗುತ್ತಿತ್ತು. ಹೊಸ ಲೆಕ್ಕದಲ್ಲಿ ಅದೇ ಗಾಳಿ 71.4, ಅಂದರೆ 71, ಮಿತಿಮೀರಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ನಿಯಮ ತಿದ್ದಿ ಹೊಸ ಮೌಲ್ಯವನ್ನು ಒಪ್ಪಿಕೊಂಡಿತು. ಭಾರತದಲ್ಲಿ 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಎಂಟು ಗಂಟೆಗಳ ಮಿತಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಒಂದು ಗಂಟೆಯ ಮಿತಿ 180. ಹಳೆಯ ಸಂಖ್ಯೆಯಿಂದ 99 ಬಂದಿದ್ದ ದಿನ ಹೊಸದರಿಂದ 100.2 ಆಗುತ್ತದೆ.

ಮೈಕ್ರೊಗ್ರಾಂ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಇದರ ಗೊಂದಲ ಶೇ. 1.2ಕ್ಕಿಂತ ದೊಡ್ಡದು. ಉಪಕರಣ ಪಿಪಿಬಿಯಲ್ಲಿ ಅಳೆಯುತ್ತದೆ, ನಮ್ಮ ಮಾನದಂಡ ಮೈಕ್ರೊಗ್ರಾಂನಲ್ಲಿದೆ. 25 ಡಿಗ್ರಿ ಉಷ್ಣತೆಯನ್ನು ಆಧಾರವಾಗಿಟ್ಟರೆ ಒಂದು ಪಿಪಿಬಿ ಓಝೋನ್ 1.96 ಮೈಕ್ರೊಗ್ರಾಂ. ಯುರೋಪಿನ ಪದ್ಧತಿಯಂತೆ 20 ಡಿಗ್ರಿ ಇಟ್ಟರೆ 2.00. ಬರೀ ಈ ಆಯ್ಕೆಯಿಂದ ಶೇ. 1.7ರಷ್ಟು ವ್ಯತ್ಯಾಸ. ಇನ್ನು ಬೆಂಗಳೂರಿನ ನಿಜವಾದ ಒತ್ತಡವನ್ನು ಲೆಕ್ಕಕ್ಕೆ ತಂದರೆ 50 ಪಿಪಿಬಿ ಓಝೋನ್ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ 88 ಮೈಕ್ರೊಗ್ರಾಂ ಮಾತ್ರ ಇರುತ್ತದೆ; ಸಮುದ್ರಮಟ್ಟದ ಒತ್ತಡಕ್ಕೆ ಹೊಂದಿಸಿದರೆ 98. ಯಾವ ಆಧಾರದ ಮೇಲೆ ಪರಿವರ್ತಿಸಲಾಗಿದೆ ಎಂದು ಹೇಳದ ಓಝೋನ್ ಅಂಕಿಯನ್ನು ಇನ್ನೊಂದು ಊರಿನ ಅಂಕಿಯೊಂದಿಗೆ ಹೋಲಿಸಿ ತೀರ್ಮಾನ ಹೇಳುವುದು ಹೊಣೆಗೇಡಿತನ.

ಕೇಂದ್ರಗಳ ದಿನನಿತ್ಯದ ಕೊರತೆಗಳು ಇದಕ್ಕಿಂತ ಎಷ್ಟೋ ದೊಡ್ಡವು ಎಂದು ಅನುಭವಿಗಳು ಹೇಳುತ್ತಾರೆ, ಅದು ಸರಿಯೇ. ಗಾಳಿ ಎಳೆಯುವ ಕೊಳವೆ ಟೆಫ್ಲಾನ್‌ನದಾಗಿರದೆ ಬೇರೆ ಪ್ಲಾಸ್ಟಿಕ್ ಅಥವಾ ಲೋಹದ್ದಾಗಿದ್ದರೆ ಓಝೋನ್ ದಾರಿಯಲ್ಲಿಯೇ ನಾಶವಾಗುತ್ತದೆ. ಫಿಲ್ಟರ್ ಮೇಲೆ ದೂಳು ಕೂತರೂ ಅಷ್ಟೇ. ವಾಹನ ದಟ್ಟಣೆಯ ರಸ್ತೆಯ ಬದಿಯಲ್ಲಿ ಕೊಳವೆ ಉದ್ದವಾಗಿದ್ದರೆ ಹೊಗೆಯ ನೈಟ್ರಿಕ್ ಆಕ್ಸೈಡ್ ಕೊಳವೆಯೊಳಗೇ ಓಝೋನ್‌ಅನ್ನು ತಿಂದುಹಾಕುತ್ತದೆ. ಅದಕ್ಕಾಗಿ ಗಾಳಿ 20 ಸೆಕೆಂಡಿನೊಳಗೆ ಉಪಕರಣ ಮುಟ್ಟಬೇಕು ಎಂಬ ನಿಯಮ ಅಮೆರಿಕದಲ್ಲಿದೆ. ಈ ದೋಷಗಳ ಸ್ವಭಾವ ಬೇರೆ. ಫಿಲ್ಟರ್ ಬದಲಿಸಿದ ದಿನ ಅವು ಹೋಗುತ್ತವೆ, ಒಂದು ಕೇಂದ್ರದಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಸಂಖ್ಯೆಯೊಳಗಿನ ದೋಷ ಎಲ್ಲ ಕೇಂದ್ರಗಳಲ್ಲೂ ಒಟ್ಟಿಗೆ ಇರುತ್ತದೆ. ಸಂಖ್ಯೆ ಬದಲಾದ ದಿನ ಎಲ್ಲ ಕಡೆ ಒಂದು ಮೆಟ್ಟಿಲು ಮೂಡುತ್ತದೆ. ಓಝೋನ್ ದಶಕಕ್ಕೆ ಕೆಲವೇ ಪ್ರತಿಶತದ ಲೆಕ್ಕದಲ್ಲಿ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಹುಡುಕುವ ಸಂಶೋಧಕರಿಗೆ ಆ ಮೆಟ್ಟಿಲು ನಿಜವಾದ ಏರಿಕೆಯಂತೆಯೇ ಕಾಣುತ್ತದೆ.

ಕಾರ್ಬನ್ ಡೈಆಕ್ಸೈಡ್ ಅಳೆಯುವವರು ಇಂಥದ್ದನ್ನು ಅಚ್ಚುಕಟ್ಟಾಗಿ ನಿಭಾಯಿಸಿದ್ದಾರೆ. ವಿಶ್ವ ಹವಾಮಾನ ಸಂಸ್ಥೆಯ ಆಧಾರ ಮಾಪನಪಟ್ಟಿಯನ್ನು 2021ರಲ್ಲಿ ಪರಿಷ್ಕರಿಸಿದಾಗ 400 ಪಿಪಿಎಂ (ಹತ್ತು ಲಕ್ಷ ಅಣುಗಳಲ್ಲಿ 400) ಮಟ್ಟದಲ್ಲಿ ಆದ ಬದಲಾವಣೆ ಸುಮಾರು 0.18 ಪಿಪಿಎಂ, ಶೇ. 0.05ಕ್ಕಿಂತ ಕಡಿಮೆ. ಅಷ್ಟಕ್ಕೇ ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆ ನೋವಾ ತನ್ನ ಹಳೆಯ ದತ್ತಾಂಶವನ್ನು ಹೊಸ ಪಟ್ಟಿಗೆ ಪರಿವರ್ತಿಸಿ, ಪಟ್ಟಿಗೆ ಬೇರೆ ಹೆಸರಿಟ್ಟು ಪ್ರಕಟಿಸಿತು. ಹೆಸರು ನೋಡಿದರೆ ಸಾಕು, ಯಾವ ಆಧಾರದ ಅಂಕಿ ಎಂದು ತಿಳಿಯುತ್ತದೆ.

ನಮ್ಮಲ್ಲಿ ಬೇಕಾಗಿರುವುದೂ ಇದೇ ಶಿಸ್ತು. ಬೆಂಗಳೂರಿನ ಹೆಬ್ಬಾಳ, ಸಿಲ್ಕ್ ಬೋರ್ಡ್, ಪೀಣ್ಯ, ಜಯನಗರದಂಥ ಕಡೆಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗಳ ನಿರಂತರ ಮಾಪನ ಕೇಂದ್ರಗಳಿವೆ. ಅವುಗಳ ಅಂಕಿಗಳನ್ನು ವೈದ್ಯರು ಉಸಿರಾಟದ ತೊಂದರೆಯ ಅಧ್ಯಯನಕ್ಕೆ ಬಳಸುತ್ತಾರೆ, ಕೃಷಿ ವಿಜ್ಞಾನಿಗಳು ಗೋಧಿ, ಸೋಯಾ ಬೆಳೆಗಳಿಗೆ ಓಝೋನ್‌ನಿಂದಾಗುವ ನಷ್ಟ ಅಂದಾಜಿಸಲು ಬಳಸುತ್ತಾರೆ. ಈಚೆಗೆ ಅಗ್ಗದ ಸಂವೇದಕಗಳನ್ನು ಊರೂರುಗಳಲ್ಲಿ ಇಡುವ ಯೋಜನೆಗಳು ಹೆಚ್ಚುತ್ತಿವೆ. ಅವನ್ನು ತಿಂಗಳುಗಟ್ಟಲೆ ಆಧಾರ ಅನಲೈಸರ್ ಪಕ್ಕದಲ್ಲಿಟ್ಟು ಅದರ ಅಂಕಿಗೆ ಹೊಂದಿಸುತ್ತಾರೆ. ಅನಲೈಸರ್‌ನ ದೋಷವೂ ಆಗ ಯಥಾವತ್ತಾಗಿ ಸಂವೇದಕಕ್ಕೆ ಇಳಿಯುತ್ತದೆ, ಬಳಿಕ ಎರಡೂ ಚೆನ್ನಾಗಿ ತಾಳೆಯಾಗುತ್ತಿವೆ ಎಂಬ ವರದಿ ಬರುತ್ತದೆ. ಸೆವ್ರ್‌ನ ಕಥೆಯ ಸಣ್ಣ ಪ್ರತಿ ಇದು. ಆ ಅನಲೈಸರ್‌ಅನ್ನು ಬೇರೆ ಮೂಲದ ಮಾನಕವೊಂದಕ್ಕೆ ಯಾವಾಗ ತೋರಿಸಲಾಯಿತು ಎಂಬುದನ್ನು ವರದಿಯ ಮೊದಲ ಪುಟದಲ್ಲಿಯೇ ಕೇಳಬೇಕು.

ಪ್ರತಿ ಕೇಂದ್ರದ ದತ್ತಾಂಶದ ಜೊತೆಗೆ ಯಾವ ಅಡ್ಡಛೇದ ಬಳಸಲಾಗಿದೆ, ಅದು ಬದಲಾದ ದಿನಾಂಕ ಯಾವುದು, ಮೈಕ್ರೊಗ್ರಾಂಗೆ ಪರಿವರ್ತಿಸಿದ್ದು ಯಾವ ಉಷ್ಣತೆ ಮತ್ತು ಒತ್ತಡದ ಆಧಾರದಲ್ಲಿ, ಕೊನೆಯ ಕ್ಯಾಲಿಬ್ರೇಷನ್ ಯಾವಾಗ ಆಯಿತು ಎಂಬುದನ್ನು ಪ್ರಕಟಿಸಬೇಕು. ಹಳೆಯ ಅಂಕಿಗಳನ್ನು ಅಳಿಸಬಾರದು, 1.147 ಬಳಸಿ ಪಡೆದವನ್ನು 1.0124ರಿಂದ ಗುಣಿಸಿ ಪಕ್ಕದಲ್ಲಿ ಬೇರೆ ಅಂಕಣವಾಗಿ ಕೊಡಬೇಕು. ಹಾಗೆ ಗುರುತು ಹಾಕದೆ ಬಿಟ್ಟರೆ ಒಬ್ಬರು ಗುಣಿಸಿದ್ದನ್ನು ಇನ್ನೊಬ್ಬರು ಮತ್ತೆ ಗುಣಿಸುತ್ತಾರೆ, ಆಗ ಶೇ. 1.2ರ ತಿದ್ದುಪಡಿ ಶೇ. 2.5 ಆಗಿ, ಶೇ. 1.2ರ ಹೊಸ ದೋಷ ಹುಟ್ಟುತ್ತದೆ.